ಆಮ್‌ಟ್ರಾಕ್ ಮುಖ್ಯಸ್ಥರು ಇಳಿದರು: ಇನ್ನು ಗಾಡಿಗಳ ಗತಿ ಏನು?

ಹಳಿಬಂಧು | 20 ಮಾರ್ಚ್ 2025

ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರಾಕಿನ ಸಿಇಒ ಸ್ಟೀಫನ್ ಗಾರ್ಡ್ನರ್ ನಿನ್ನೆ ಹುದ್ದೆ ಬಿಟ್ಟರು. ಶ್ವೇತಭವನವೇ ರಾಜೀನಾಮೆ ಕೇಳಿತು ಅಂತ ಪತ್ರಿಕೆಗಳಲ್ಲಿ ಬಂದಿದೆ. ಸಂಸ್ಥೆಯ ಮೇಲೆ ಸರ್ಕಾರದ ಪೂರ್ಣ ವಿಶ್ವಾಸ ಉಳಿಯಲಿ ಎಂದು ಸರಿಯುತ್ತಿದ್ದೇನೆ ಎನ್ನುವ ಅರ್ಥದ ಹೇಳಿಕೆ ಅವರದು. ಎಲಾನ್ ಮಸ್ಕ್ ಆಮ್‌ಟ್ರಾಕನ್ನು ಖಾಸಗಿಗೆ ಕೊಡಬೇಕು ಎಂದದ್ದೂ ಇದೇ ತಿಂಗಳು. 2024ರ ಹಣಕಾಸು ವರ್ಷದಲ್ಲಿ 3.28 ಕೋಟಿ ಪ್ರಯಾಣಗಳಾಗಿ ದಾಖಲೆ ಬರೆದ ಸಂಸ್ಥೆ ಇದು. ಅದರ ಬೆನ್ನಿಗೇ ಹೀಗಾಗಿದೆ.

ನನಗೆ ತಿಳಿಯಬೇಕಾದ್ದು ಮೂರು ಸಂಗತಿ. ಮುಖ್ಯಸ್ಥರನ್ನು ನೇಮಿಸುವ, ಇಳಿಸುವ ಅಧಿಕಾರ ಯಾರದ್ದು? ಆರ್ಡರ್ ಆಗಿರುವ ಹೊಸ ಗಾಡಿಗಳು ನಿಲ್ಲುತ್ತವೆಯೇ? ದೂರದ ಗಾಡಿಗಳನ್ನು ಮುಚ್ಚುವ ಅಪಾಯ ಇದೆಯೇ? ಗೊತ್ತಿರುವವರು ವಿವರ ಹಾಕಿ. ಪಕ್ಷದ ಜಗಳ ಬೇಡ.

ಕಾಯ್ದೆಕಟ್ಟು | 20 ಮಾರ್ಚ್ 2025

ಮೊದಲ ಪ್ರಶ್ನೆಗೆ ಉತ್ತರ. 1970ರ ರೈಲು ಪ್ರಯಾಣಿಕ ಸೇವಾ ಕಾಯ್ದೆಯಿಂದ ಹುಟ್ಟಿದ ಕಂಪನಿ ಇದು. ಗಾಡಿ ಓಡಿಸಲು ಶುರು ಮಾಡಿದ್ದು 1971ರ ಮೇ 1ರಂದು. ಭಾರತದ ರೈಲ್ವೆ ಬೋರ್ಡ್ ಹಾಗೆ ಸರ್ಕಾರದ ಇಲಾಖೆಯ ಅಂಗವಲ್ಲ. ಕಾಯ್ದೆಯ ಪ್ರಕಾರ ಸಿಇಒ ನೇಮಕ ನಿರ್ದೇಶಕ ಮಂಡಳಿಯ ಕೆಲಸ. ಆ ಮಂಡಳಿಯಲ್ಲಿ ಸಾರಿಗೆ ಕಾರ್ಯದರ್ಶಿ ಇರುತ್ತಾರೆ. ದೇಶದ ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿದ ಎಂಟು ಸದಸ್ಯರೂ ಇರುತ್ತಾರೆ. ಅಂದರೆ ಶ್ವೇತಭವನಕ್ಕೆ ಸಿಇಒ ಅವರನ್ನು ನೇರವಾಗಿ ತೆಗೆಯುವ ದಾರಿ ಕಾಯ್ದೆಯಲ್ಲಿಲ್ಲ. ಆದರೆ ವರ್ಷವರ್ಷದ ಅನುದಾನ ಸಾರಿಗೆ ಇಲಾಖೆಯ ಕೈ ದಾಟಿಯೇ ಬರಬೇಕು. ದುಡ್ಡು ಕೊಡುವ ಕೈ ಬೇಡ ಎಂದ ಮೇಲೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವುದು ಆಗದ ಮಾತು.

ಹಿಂದೆಯೂ ಆಗಿದೆ. 2005ರ ನವೆಂಬರ್‌ನಲ್ಲಿ ಡೇವಿಡ್ ಗನ್ ಅವರನ್ನು ಮಂಡಳಿಯೇ ವಜಾ ಮಾಡಿತು. ವಾಷಿಂಗ್ಟನ್–ಬೋಸ್ಟನ್ ನಡುವಿನ ಈಶಾನ್ಯ ಮಾರ್ಗವನ್ನು ಬೇರೆ ಘಟಕವಾಗಿ ಒಡೆಯುವ ಯೋಚನೆಗೆ ಅವರು ಅಡ್ಡ ನಿಂತಿದ್ದರು. ಅಷ್ಟಾದರೂ ಮಾರ್ಗ ಒಡೆಯಲಿಲ್ಲ, ಸಂಸತ್ತು ಬಿಡಲಿಲ್ಲ.

ಸದ್ಯ ಅಧಿಕಾರ ಆಮ್‌ಟ್ರಾಕ್ ಪ್ರೆಸಿಡೆಂಟ್ ರಾಜರ್ ಹ್ಯಾರಿಸ್ ಕೈಯಲ್ಲಿ. 2019ರಲ್ಲಿ ಸಂಸ್ಥೆಗೆ ಬಂದವರು. ಅದಕ್ಕೂ ಮೊದಲು ವಿಮಾನ ಕಂಪನಿಗಳಲ್ಲಿ ಟಿಕೆಟ್ ಆದಾಯದ ಕೆಲಸ ನೋಡಿಕೊಂಡವರು. ಗಾರ್ಡ್ನರ್ ಸೆನೆಟ್ ಸಿಬ್ಬಂದಿಯಾಗಿ ರೈಲು ಕಾಯ್ದೆಗಳ ಕರಡು ಬರೆದು ಬಂದವರು. ವ್ಯತ್ಯಾಸ ಕಾಣುವುದಾದರೆ ಸಂಸತ್ತಿನೊಡನೆ ಮಾತುಕತೆಯಲ್ಲಿ ಕಾಣಬಹುದು ಎನ್ನುವುದು ನನ್ನ ಅಂದಾಜು.

ಬೋಗಿಶೆಡ್ | 21 ಮಾರ್ಚ್ 2025

ಎರಡನೆಯದಕ್ಕೆ ನಾನು ಹೇಳುತ್ತೇನೆ. ಈ ಸಂಸ್ಥೆಯಲ್ಲಿ ಗಾಡಿಯ ಆರ್ಡರಿಗಿರುವಷ್ಟು ಆಯುಷ್ಯ ಮುಖ್ಯಸ್ಥರಿಗೆ ಇಲ್ಲ. ಎರಡು ಉದಾಹರಣೆ ನೋಡಿ.

ವ್ಯೂಲೈನರ್-2: ಮಲಗುವ ಬೋಗಿ, ಊಟದ ಬೋಗಿ, ಲಗೇಜ್ ಬೋಗಿ ಸೇರಿ 130. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದ ಸಿಎಎಫ್ ಕಾರ್ಖಾನೆಗೆ 2010ರಲ್ಲಿ ಆರ್ಡರ್ ಕೊಟ್ಟರು. ಆಗ ಜೋಸೆಫ್ ಬೋರ್ಡ್‌ಮನ್ ಮುಖ್ಯಸ್ಥರು. ಕೊನೆಯ ಬೋಗಿಗಳು ಕೈಸೇರುವ ಹೊತ್ತಿಗೆ ವಿಕ್ ಮೂರ್‌ಮನ್, ರಿಚರ್ಡ್ ಆಂಡರ್ಸನ್ ಬಂದುಹೋಗಿ ವಿಲಿಯಂ ಫ್ಲಿನ್ ಕೂತಿದ್ದರು.

ಹೊಸ ಅಸೆಲಾ: ಈಶಾನ್ಯ ಮಾರ್ಗದ ವೇಗದ ಗಾಡಿ, ಆಲ್‌ಸ್ಟಮ್ ಕಂಪನಿಯ 28 ಗಾಡಿಗಳು. 2016ರಲ್ಲಿ, ಅದೂ ಬೋರ್ಡ್‌ಮನ್ ಕಾಲದ ಕೊನೆಯಲ್ಲಿ, ಸಹಿ ಆಯಿತು. ಸರ್ಕಾರದಿಂದ 245 ಕೋಟಿ ಡಾಲರ್ ಸಾಲ ತೆಗೆದರು. 2021ಕ್ಕೆ ಓಡಬೇಕಿತ್ತು, ಇನ್ನೂ ಪ್ರಯಾಣಿಕರು ಹತ್ತಿಲ್ಲ. ಹೊಸ ರೈಲು ಹಳೆ ಹಳಿಯ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎನ್ನುವ ಕಂಪ್ಯೂಟರ್ ಮಾದರಿ ಸುರಕ್ಷತಾ ನಿಯಮಕ್ಕೆ ಹೊಂದಲು ವರ್ಷಗಳು ಹಿಡಿದವು. ತಯಾರಾಗಿ ನಿಂತ ಗಾಡಿಗಳಲ್ಲಿ ದೋಷಗಳೂ ಸಿಕ್ಕವು. ಅವನ್ನು ಒಂದೊಂದಾಗಿ ತಿದ್ದಬೇಕಾಯಿತು.

ಹಾಗಾಗಿ ಈಗಿರುವ ಆರ್ಡರುಗಳು ನಿಲ್ಲುತ್ತವೆಂದು ನನಗೆ ಅನಿಸುವುದಿಲ್ಲ. ಒಪ್ಪಂದ ಮುರಿದರೆ ದಂಡ ಕಟ್ಟಬೇಕು, ಹಳೆ ಗಾಡಿಯ ದುರಸ್ತಿಗೂ ಕೊಡಬೇಕು. ನನಗಿರುವ ಭಯ ಇನ್ನೂ ಆರ್ಡರ್ ಆಗದ ಗಾಡಿಗಳದ್ದು. ಪಶ್ಚಿಮದ ದೂರದ ಗಾಡಿಗಳ ಎರಡು ಅಂತಸ್ತಿನ ಸೂಪರ್‌ಲೈನರ್ ಬೋಗಿಗಳು ಒಟ್ಟು 479 ತಯಾರಾಗಿದ್ದವು. ಮೊದಲ 284ರ ವಿತರಣೆ ಮುಗಿದದ್ದು 1981ರಲ್ಲಿ, ಉಳಿದ 195 ಬಂದದ್ದು ತೊಂಬತ್ತರ ದಶಕದಲ್ಲಿ. ಅಪಘಾತ, ಬೆಂಕಿಯಲ್ಲಿ ಹೋದವನ್ನು ಬದಲಿಸಿಲ್ಲ. ಹೊಸ ಬೋಗಿಗೆ ಟೆಂಡರ್ ಕರೆದದ್ದು 2023ರ ಡಿಸೆಂಬರ್‌ನಲ್ಲಿ. ಇವತ್ತು ಸಹಿ ಬಿದ್ದರೂ ಮೊದಲ ಬೋಗಿ ಬರಲು ಆರೇಳು ವರ್ಷ ಬೇಕು. ಆ ಸಹಿಗೆ ಯಾರು ಜವಾಬ್ದಾರರು ಎನ್ನುವುದು ಈ ಬದಲಾವಣೆಯಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ.

ತುಂಗೆ_ಬೇಏರಿಯಾ | 21 ಮಾರ್ಚ್ 2025

ಖಾಸಗಿ ಮಾಡಿದರೆ ತಪ್ಪೇನು ಸರ್? ಜಪಾನಿನಲ್ಲಿ ಮಾಡಿದ್ದಾರಲ್ಲ?

ಕಾಯ್ದೆಕಟ್ಟು | 21 ಮಾರ್ಚ್ 2025

ತುಂಗೆ ಅವರೇ, ಆಮ್‌ಟ್ರಾಕ್ ಹುಟ್ಟಿದ್ದೇ ಖಾಸಗಿ ರೈಲು ಕಂಪನಿಗಳು ಪ್ರಯಾಣಿಕ ಗಾಡಿ ನಡೆಸಲಾರೆವು ಎಂದು ಕೈಬಿಟ್ಟಾಗ. ಜಪಾನಿನ ಕಂಪನಿಗಳಿಗೆ ಹಳಿಯೂ ಸ್ವಂತ, ನಿಲ್ದಾಣದ ಸುತ್ತಲಿನ ಜಾಗದ ಆದಾಯವೂ ಸ್ವಂತ. ಇಲ್ಲಿ ವಾಷಿಂಗ್ಟನ್–ಬೋಸ್ಟನ್ ನಡುವಿನ 735 ಕಿ.ಮೀ.ನಲ್ಲಿ ಹೆಚ್ಚಿನ ಭಾಗ ಆಮ್‌ಟ್ರಾಕಿನದು. ಅದರಾಚೆ ಬಹುತೇಕ ಗೂಡ್ಸ್ ಕಂಪನಿಗಳ ಹಳಿ. ಆ ಹಳಿಗಳಲ್ಲಿ ಪ್ರಯಾಣಿಕ ಗಾಡಿಗೆ ಮೊದಲ ದಾರಿ ಬಿಡಬೇಕೆಂಬ ಕಾಯ್ದೆಯ ಹಕ್ಕು ಆಮ್‌ಟ್ರಾಕ್‌ಗೆ ಸಿಕ್ಕಿದೆ. ನಾಳೆ ಬೇರೆ ಕಂಪನಿ ಬಂದರೆ ಆ ಹಕ್ಕು ತಾನಾಗಿ ಅದರ ಜೊತೆ ಹೋಗುವುದಿಲ್ಲ, ಸಂಸತ್ತೇ ಕೊಡಬೇಕು.

ಹಕ್ಕಿದ್ದೂ ಗತಿ ಹೇಗಿದೆ ನೋಡಿ. ನ್ಯೂಯಾರ್ಕ್–ನ್ಯೂ ಆರ್ಲಿಯನ್ಸ್ ನಡುವಿನ ಕ್ರೆಸೆಂಟ್ ಗಾಡಿಯ ವಿಳಂಬಕ್ಕಾಗಿ ನ್ಯಾಯ ಇಲಾಖೆ 2024ರ ಜುಲೈನಲ್ಲಿ ಗೂಡ್ಸ್ ಕಂಪನಿ ನಾರ್ಫೋಕ್ ಸದರ್ನ್ ಮೇಲೆ ದಾವೆ ಹೂಡಿತು. 2023ರಲ್ಲಿ ದಕ್ಷಿಣಕ್ಕೆ ಹೋಗುವ ಕ್ರೆಸೆಂಟ್ ಹೊತ್ತಿಗೆ ಸರಿಯಾಗಿ ತಲುಪಿದ್ದು ಶೇ. 24ರಷ್ಟು ಸಲ ಮಾತ್ರ ಎನ್ನುವುದು ಅದರ ಆರೋಪ. ಇಂಥ ದಾವೆ 1979ರ ನಂತರ ಇದೇ ಮೊದಲು. ಏಕೆಂದರೆ ಆ ಹಕ್ಕಿನ ಉಲ್ಲಂಘನೆಗೆ ಕೋರ್ಟಿಗೆ ಹೋಗುವ ಅಧಿಕಾರ ಆಮ್‌ಟ್ರಾಕ್‌ಗೇ ಇಲ್ಲ, ಅಟಾರ್ನಿ ಜನರಲ್ ಮಾತ್ರ ಹೋಗಬಲ್ಲರು.

ಕಾರಣ ತಾಂತ್ರಿಕವಾಗಿ ಸರಳ. ಒಂಟಿ ಹಳಿಯ ಮಾರ್ಗದಲ್ಲಿ ಎದುರು ಗಾಡಿಗೆ ದಾರಿ ಬಿಡಲು ಲೂಪ್ ಲೈನ್ ಬೇಕು. ಗೂಡ್ಸ್ ಗಾಡಿಯ ಉದ್ದ ಲೂಪಿಗಿಂತ ಹೆಚ್ಚಾದರೆ ಅದು ಪಕ್ಕಕ್ಕೆ ಸರಿಯಲಾರದು. ಆಗ ಲೂಪಿಗೆ ಹೋಗಿ ಕಾಯುವುದು ಪ್ರಯಾಣಿಕ ಗಾಡಿಯೇ. ಮುಖ್ಯಸ್ಥರು ಯಾರೇ ಬರಲಿ, ಲೂಪ್ ಉದ್ದವಾಗಬೇಕು ಅಥವಾ ಗೂಡ್ಸ್ ಗಿಡ್ಡವಾಗಬೇಕು.

ಬೋಗಿಶೆಡ್ | 27 ಮಾರ್ಚ್ 2025

ಹೊಸ ಆಡಳಿತಕ್ಕೆ ಮೊದಲ ವಾರದಲ್ಲೇ ಪರೀಕ್ಷೆ ಎದುರಾಗಿದೆ. ನಿನ್ನೆ ಹೊರೈಜನ್ ಬೋಗಿಗಳನ್ನೆಲ್ಲ ಸೇವೆಯಿಂದ ತೆಗೆದರು. ತಪಾಸಣೆಯಲ್ಲಿ ಲೋಹ ಸವೆದಿರುವುದು ಸಿಕ್ಕಿದೆ. ಒರೆಗಾನ್–ವಾಷಿಂಗ್ಟನ್ ಕಡೆಯ ಕ್ಯಾಸ್ಕೇಡ್ಸ್ ಸೇವೆಗೆ ದೊಡ್ಡ ಪೆಟ್ಟು, ಬಹಳ ಗಾಡಿಗಳ ಬದಲಿಗೆ ಬಸ್ಸು ಬಿಟ್ಟಿದ್ದಾರೆ.

ಇವು ಬಂಬಾರ್ಡಿಯರ್ 1988ರಿಂದ 1990ರವರೆಗೆ ಕಟ್ಟಿದ ಬೋಗಿಗಳು. ಒಟ್ಟು 104 ಕಟ್ಟಿದ್ದರು. ಉಪನಗರ ಗಾಡಿಯ ವಿನ್ಯಾಸವನ್ನೇ ಬದಲಿಸಿ ಮಾಡಿದ ಅಲ್ಯೂಮಿನಿಯಂ ಮೈ. ಇವುಗಳಿಗಿಂತ ಹಳೆಯ ಆಮ್‌ಫ್ಲೀಟ್ ಬೋಗಿಗಳು ಬಡ್ ಕಂಪನಿಯ ಸ್ಟೇನ್‌ಲೆಸ್ ಸ್ಟೀಲ್, 1975ರಿಂದ ಬಂದಂಥವು, ಇವತ್ತೂ ಓಡುತ್ತಿವೆ. ಅಲ್ಯೂಮಿನಿಯಂ ಉಕ್ಕಿನ ಭಾಗಕ್ಕೆ ತಾಗುವಲ್ಲಿ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಚಳಿನಾಡಿನ ಹಿಮ, ಕರಗುನೀರು, ರಸ್ತೆ ದಾಟುವಲ್ಲಿ ಚೆಲ್ಲುವ ಉಪ್ಪು ಇವೆಲ್ಲ ತಳಭಾಗದಲ್ಲೇ ಸೇರುತ್ತವೆ. ಒಳಗೆ ಕೂತವರ ಕಣ್ಣಿಗೆ ಏನೂ ಬೀಳುವುದಿಲ್ಲ.

ಇಂಥದ್ದರ ತಪಾಸಣೆಗೆ ಸಾಮಾನ್ಯ ಕ್ರಮ ಇದು: ಸಂಶಯದ ಜಾಗದಲ್ಲಿ ಬಣ್ಣ, ಸೀಲಂಟ್ ಕೆರೆದು ಲೋಹ ಕಾಣುವಂತೆ ಮಾಡಬೇಕು. ಅಲ್ಟ್ರಾಸಾನಿಕ್ ಮಾಪಕದಿಂದ ದಪ್ಪ ಅಳೆದು ಮೂಲ ನಕ್ಷೆಯ ಕನಿಷ್ಠ ದಪ್ಪಕ್ಕೆ ಹೋಲಿಸಬೇಕು. ಬೆಸುಗೆಯ ಹತ್ತಿರ ಬಣ್ಣದ ದ್ರಾವಣ ಹಚ್ಚಿ ಬಿರುಕು ಹುಡುಕಬೇಕು. ಮೇಲುಮೇಲಿನದಾದರೆ ಹಾಳೆ ಕತ್ತರಿಸಿ ತೇಪೆ ಹಾಕಬಹುದು. ಬೋಗಿಗಳನ್ನು ಜೋಡಿಸುವ ಕೊಂಡಿಯ ತಳ್ಳು-ಎಳೆತ ಹೊರುವ ಮುಖ್ಯ ತೊಲೆಗೆ ತಗುಲಿದ್ದರೆ ತೇಪೆಯಿಂದ ಕೆಲಸ ಆಗದು, 35 ವರ್ಷದ ಬೋಗಿಗೆ ಅಷ್ಟು ದುಡ್ಡು ಹಾಕುವುದೂ ಲಾಭವಿಲ್ಲ. ಒಟ್ಟಿಗೇ ತೆಗೆದದ್ದನ್ನು ನಾನು ಒಪ್ಪುತ್ತೇನೆ. ಅನುಮಾನ ಇದ್ದಾಗ ಓಡಿಸುತ್ತಾ ನೋಡೋಣ ಎನ್ನುವುದು ಸಲ್ಲ.

ಶಿಕಾಗೊ_ಜಂಕ್ಷನ್ | 28 ಮಾರ್ಚ್ 2025

ಬೋಗಿ ಕಡಿಮೆಯಾದರೆ ಪರಿಣಾಮ ಎಲ್ಲೆಲ್ಲಿಗೋ ಹೋಗುತ್ತದೆ. ಇಲಿನಾಯ್‌ನ ಶಿಕಾಗೊ–ಕಾರ್ಬನ್‌ಡೇಲ್ ಮಾರ್ಗ ತೆಗೆದುಕೊಳ್ಳಿ. ಹಳಿಯ ಮಾಲೀಕ ಕೆನೇಡಿಯನ್ ನ್ಯಾಷನಲ್. ಅಲ್ಲಿ ಗಾಡಿಗೆ ಕನಿಷ್ಠ 32 ಅಚ್ಚುಗಳು ಇರಲೇಬೇಕು ಎಂಬ ಷರತ್ತು ಇದೆ. ಎಂಜಿನ್‌ಗೆ 4, ಬೋಗಿಗೆ ತಲಾ 4. ಅಂದರೆ ಒಂದು ಎಂಜಿನ್ ಜೊತೆ ಏಳು ಬೋಗಿ ಕಟ್ಟಲೇಬೇಕು, ಜನ ನಾಲ್ಕು ಬೋಗಿಯಷ್ಟೇ ಇದ್ದರೂ.

ಕಾರಣ ಟ್ರ್ಯಾಕ್ ಸರ್ಕ್ಯೂಟ್. ಎರಡು ಹಳಿಗಳ ನಡುವೆ ಸಣ್ಣ ವಿದ್ಯುತ್ ಹರಿಸಿರುತ್ತಾರೆ. ಗಾಡಿಯ ಚಕ್ರ-ಅಚ್ಚು ಅವೆರಡನ್ನೂ ಜೋಡಿಸಿದಾಗ ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ, ರಸ್ತೆಯ ಗೇಟು ಇಳಿಯುತ್ತದೆ. ಹಳಿಯ ಮೇಲೆ ತುಕ್ಕು-ಜಿಡ್ಡಿನ ಪದರ ಇದ್ದು ಗಾಡಿ ಹಗುರ, ಗಿಡ್ಡವಾಗಿದ್ದರೆ ಸಂಪರ್ಕ ಕ್ಷಣಕ್ಷಣ ತಪ್ಪುತ್ತದೆ. ಗೇಟು ಇಳಿಯದೇ ಹೋದರೆ ಜೀವಕ್ಕೇ ಅಪಾಯ. ಅದಕ್ಕಾಗಿಯೇ ಅಲ್ಲಿ ಹಲವು ವರ್ಷ ಭಾರದ ಸೂಪರ್‌ಲೈನರ್‌ಗಳನ್ನು ಕಟ್ಟಿ ಓಡಿಸಬೇಕಾಯಿತು. ಆ ಬೋಗಿಗಳು ದೂರದ ಗಾಡಿಗಳಿಗೆ ಸಿಗಲಿಲ್ಲ. ಭಾರತದಲ್ಲಿ ಅನೇಕ ಕಡೆ ಆಕ್ಸಲ್ ಕೌಂಟರ್ ಹಾಕಿದ್ದಾರೆ. ಅದು ಅಚ್ಚುಗಳನ್ನು ಎಣಿಸುತ್ತದೆ, ಹಳಿಯ ಮೇಲಿನ ಜಿಡ್ಡು ಅದಕ್ಕೆ ಅಡ್ಡಿಯಲ್ಲ.

ಹೊಸ ಮುಖ್ಯಸ್ಥರ ಮೇಜಿನ ಮೇಲೆ ಮೊದಲ ಕಡತ ಇದಾಗಲಿ ಎನ್ನುವುದು ನನ್ನ ಆಸೆ. ಇಲ್ಲಿನ ತೊಡಕು ಬಿಡಿಸಿದರೆ ಹೊಸ ಬೋಗಿ ಕೊಳ್ಳದೆಯೇ ಬೋಗಿ ಸಿಗುತ್ತವೆ.

ಹಳಿಬಂಧು | 9 ಮೇ 2025

ಸುದ್ದಿ: ಸುಮಾರು 450 ಹುದ್ದೆ ತೆಗೆಯುತ್ತಾರಂತೆ, ವರ್ಷಕ್ಕೆ 10 ಕೋಟಿ ಡಾಲರ್ ಉಳಿತಾಯದ ಲೆಕ್ಕ. ಇನ್ನೊಂದು ಕಡೆ ನ್ಯೂಯಾರ್ಕ್ ಪೆನ್ ಸ್ಟೇಷನ್ ಮರುನಿರ್ಮಾಣವನ್ನು ಸಾರಿಗೆ ಇಲಾಖೆ ಏಪ್ರಿಲ್‌ನಲ್ಲೇ ನ್ಯೂಯಾರ್ಕಿನ ಸ್ಥಳೀಯ ಸಾರಿಗೆ ಸಂಸ್ಥೆ ಎಂಟಿಎ ಕೈಯಿಂದ ತೆಗೆದು ಆಮ್‌ಟ್ರಾಕ್‌ಗೆ ಕೊಟ್ಟಿದೆ. ಕೆಲಸ ಹೆಚ್ಚು, ಜನ ಕಡಿಮೆ. ಈಸ್ಟ್ ರಿವರ್ ಸುರಂಗದ ಕೆಲಸವೂ ಈಗಲೇ ಶುರು. ಪೂರ್ತಿ ಮುಚ್ಚದೆ ರಾತ್ರಿ ಹೊತ್ತು ರಿಪೇರಿ ಮಾಡಿ ಅಂತ ನ್ಯೂಯಾರ್ಕ್ ಗವರ್ನರ್ ಒತ್ತಾಯ. ನಾಯಕತ್ವ ಬದಲಾದ ಮೇಲೆ ಈ ನಿರ್ಧಾರವೂ ಬದಲಾದೀತೇ?

ಬೋಗಿಶೆಡ್ | 10 ಮೇ 2025

ಬದಲಾಗಬಾರದು. 1910ರ ಸುರಂಗಗಳು ಅವು, ಒಟ್ಟು ನಾಲ್ಕು ಕೊಳವೆ. 2012ರ ಸ್ಯಾಂಡಿ ಚಂಡಮಾರುತದಲ್ಲಿ ಎರಡಕ್ಕೆ ಸಮುದ್ರದ ನೀರು ನುಗ್ಗಿತು. ನೀರನ್ನು ಪಂಪ್ ಮಾಡಿದರು, ಉಪ್ಪು ಕಾಂಕ್ರೀಟಿನೊಳಗೇ ಉಳಿಯಿತು. ಕೊಳವೆಯ ಎರಡೂ ಬದಿಗೆ ಕಟ್ಟೆಯಂಥ ಗೋಡೆ ಇದೆ, ಅದರೊಳಗೆ ವಿದ್ಯುತ್ ಕೇಬಲ್ಲುಗಳು ಹೋಗುತ್ತವೆ. ಕ್ಲೋರೈಡ್ ಆ ಕಾಂಕ್ರೀಟು, ಕಬ್ಬಿಣ, ಕೇಬಲ್ಲಿನ ಹೊದಿಕೆ ಎಲ್ಲವನ್ನೂ ತಿನ್ನುತ್ತಾ ಹೋಗುತ್ತದೆ.

ರಾತ್ರಿ ರಿಪೇರಿ ಎಂದರೆ ವಿದ್ಯುತ್ ಕಡಿತ, ಅರ್ಥಿಂಗ್, ಸಾಮಾನು ಸಾಗಣೆ, ಬೆಳಗ್ಗೆ ಮತ್ತೆ ಪರೀಕ್ಷೆ. ಇಷ್ಟರಲ್ಲೇ ಸಿಕ್ಕ ಸಮಯದ ದೊಡ್ಡ ಪಾಲು ಹೋಗುತ್ತದೆ, ಕೈಯಾಡಿಸಲು ಸಿಗುವುದು ಕೆಲವೇ ಗಂಟೆ. ಗೋಡೆಯನ್ನೇ ಒಡೆದು ಹೊಸದು ಕಟ್ಟುವ ಕೆಲಸ ಹಾಗೆ ತುಂಡುತುಂಡಾಗಿ ಆಗದು. ಒಂದು ಕೊಳವೆ ಪೂರ್ತಿ ಮುಚ್ಚಿ, ಅದು ಮುಗಿದ ಮೇಲೆ ಇನ್ನೊಂದು, ಇದೇ ಸರಿ. ಉಳಿದ ಮೂರರಲ್ಲಿ ಒಂದು ಕೈಕೊಟ್ಟರೆ ಲಾಂಗ್ ಐಲೆಂಡ್ ಗಾಡಿಗಳು ಸಾಲುಗಟ್ಟುತ್ತವೆ ಎಂಬ ಗವರ್ನರ್ ಆತಂಕವೂ ಸುಳ್ಳಲ್ಲ. ಅದಕ್ಕಾಗಿ ಉಳಿದ ಮೂರರ ಹಳಿ, ಸಿಗ್ನಲ್, ಪಂಪುಗಳ ತಪಾಸಣೆಯನ್ನು ಮೊದಲೇ ಮುಗಿಸಿಕೊಳ್ಳಬೇಕು. 450 ಹುದ್ದೆಗಳಲ್ಲಿ ಇಂಥ ಕೆಲಸದ ಮೇಲ್ವಿಚಾರಕರು ಹೋಗಿದ್ದಾರೆಯೇ ಎನ್ನುವುದೇ ನೋಡಬೇಕಾದ್ದು. ಕಚೇರಿಯ ಹುದ್ದೆ ಎಂದು ಬರೆದಿರುತ್ತಾರೆ, ಆದರೆ ರಾತ್ರಿ ಹಳಿ ಕೊಡಲು ಸಹಿ ಹಾಕುವ ಎಂಜಿನಿಯರೂ ಅದೇ ಪಟ್ಟಿಯಲ್ಲಿ ಬರಬಹುದು.

ಮೆಟ್ರೋಪಾರ್ಕ್_ನಿತ್ಯಯಾತ್ರಿ | 24 ಜೂನ್ 2025

ನ್ಯೂಜೆರ್ಸಿಯ ಎಡಿಸನ್–ಇಸೆಲಿನ್ ಸುತ್ತ ನಮ್ಮ ಕನ್ನಡದವರು ಬಹಳ ಜನ ಮೆಟ್ರೋಪಾರ್ಕ್ ನಿಲ್ದಾಣದಿಂದಲೇ ಹತ್ತುವವರು. ಬಿಸಿಲು ಏರಿತೆಂದರೆ ಗಾಡಿ ನಿಧಾನ, ಕೆಲವು ಸಲ ತಂತಿ ಹರಿದು ಎಲ್ಲವೂ ಬಂದ್. ಕಳೆದ ವರ್ಷ ಜೂನಿನಲ್ಲೂ ಹೀಗೇ ಆಗಿತ್ತು. ಹೊಸ ಆಡಳಿತ ಇದನ್ನು ಸರಿ ಮಾಡಬಲ್ಲದೇ?

ಶಿಕಾಗೊ_ಜಂಕ್ಷನ್ | 25 ಜೂನ್ 2025

ಒಂದು ಬೇಸಿಗೆಯಲ್ಲಿ ಆಗುವುದಿಲ್ಲ. ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಇರುವ ಓವರ್‌ಹೆಡ್ ತಂತಿ ವ್ಯವಸ್ಥೆ 1930ರ ದಶಕದಲ್ಲಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಹಾಕಿದ್ದು. ಇಂದಿಗೂ 25 ಹರ್ಟ್ಸ್ ವಿದ್ಯುತ್. ನ್ಯೂ ಹೇವನ್‌ನಿಂದ ಬೋಸ್ಟನ್‌ವರೆಗಿನದು 2000ರಲ್ಲಿ ಬಂದ 25 ಸಾವಿರ ವೋಲ್ಟ್, 60 ಹರ್ಟ್ಸ್.

ಹಳೆಯ ಭಾಗದಲ್ಲಿ ತಂತಿಯ ಎರಡೂ ತುದಿ ಕಂಬಕ್ಕೆ ಬಿಗಿ. ತಾಮ್ರ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.017 ಮಿ.ಮೀ. ಹಿಗ್ಗುತ್ತದೆ. ಒಂದು ಕಿ.ಮೀ. ತಂತಿಗೆ 30 ಡಿಗ್ರಿ ಏರಿದರೆ ಅರ್ಧ ಮೀಟರ್ ಹೆಚ್ಚಾಯಿತು. ಹೋಗಲು ಜಾಗವಿಲ್ಲದ್ದರಿಂದ ಆ ಉದ್ದವೆಲ್ಲ ಕಂಬಕಂಬದ ನಡುವೆ ಜೋತುಬೀಳುತ್ತದೆ. ವೇಗವಾಗಿ ಬರುವ ಪ್ಯಾಂಟೋಗ್ರಾಫ್ (ಗಾಡಿಯ ಮೇಲೆ ತಂತಿಯಿಂದ ವಿದ್ಯುತ್ ಪಡೆಯುವ ಚೌಕಟ್ಟು) ಜೋತ ತಂತಿಯನ್ನು ಮೇಲಕ್ಕೆ ತಳ್ಳಿ ಅಲೆ ಎಬ್ಬಿಸುತ್ತದೆ, ಸಂಪರ್ಕ ತಪ್ಪಿ ಕಿಡಿ ಹಾರುತ್ತದೆ, ಸಿಕ್ಕಿಕೊಂಡರೆ ತಂತಿಯನ್ನೇ ಎಳೆದು ಕೆಡವುತ್ತದೆ. ಬಿಸಿಲಲ್ಲಿ ವೇಗ ಇಳಿಸುವುದು ಇದನ್ನು ತಪ್ಪಿಸಲಿಕ್ಕೆ.

ಪರಿಹಾರ ಹೊಸದೇನಲ್ಲ. ತಂತಿಯ ತುದಿಗೆ ರಾಟೆ, ರಾಟೆಗೆ ತೂಕದ ಬಿಲ್ಲೆಗಳು. ತಂತಿ ಹಿಗ್ಗಿದರೆ ತೂಕ ಕೆಳಗಿಳಿದು ಬಿಗಿ ಹಾಗೇ ಉಳಿಯುತ್ತದೆ. ಭಾರತದ ಮುಖ್ಯ ಮಾರ್ಗಗಳಲ್ಲಿ ಕಂಬದ ಪಕ್ಕ ಜೋತಾಡುವ ಆ ತೂಕಗಳನ್ನು ಎಲ್ಲರೂ ನೋಡಿರುತ್ತೀರಿ. ನ್ಯೂಜೆರ್ಸಿಯಲ್ಲಿ ನ್ಯೂ ಬ್ರನ್ಸ್‌ವಿಕ್–ಟ್ರೆಂಟನ್ ಸುತ್ತ ಸುಮಾರು 38 ಕಿ.ಮೀ.ಗೆ ಇಂಥ ಸುಧಾರಣೆ ಕೈಗೊಂಡಿದ್ದಾರೆ. ಉಳಿದದ್ದಕ್ಕೆ ಕಂಬ, ಅಡಿಪಾಯ ಎಲ್ಲ ಬದಲಾಗಬೇಕು, ಅದೂ ಗಾಡಿ ಓಡುತ್ತಿರುವಾಗಲೇ. ಹ್ಯಾರಿಸ್ ಅವರ ಸೀಟಿನ ಬೆಲೆ ಏರಿಳಿಸುವ ಜಾಣ್ಮೆ ಇಲ್ಲಿ ಕೆಲಸಕ್ಕೆ ಬಾರದು. ಹತ್ತು ವರ್ಷ ಬಿಡದೆ ಬರುವ ದುಡ್ಡು ಬೇಕು.

ತುಂಗೆ_ಬೇಏರಿಯಾ | 29 ಆಗಸ್ಟ್ 2025

ಹೊಸ ಅಸೆಲಾ ನಿನ್ನೆ ಓಡಿತು! ಗಂಟೆಗೆ 257 ಕಿ.ಮೀ., 386 ಸೀಟು. ಹ್ಯಾರಿಸ್ ಅವರಿಗೆ ಅಭಿನಂದನೆ ಹೇಳಬಹುದಲ್ಲವೇ?

ಬೋಗಿಶೆಡ್ | 29 ಆಗಸ್ಟ್ 2025

ಹೇಳಬಹುದು ಮೇಡಂ, ಜೊತೆಗೆ ಬೋರ್ಡ್‌ಮನ್‌ರಿಂದ ಗಾರ್ಡ್ನರ್‌ವರೆಗಿನ ಐವರಿಗೂ ಹೇಳಬೇಕು. ಆ 257 ಕೆಲವೇ ತುಂಡುಗಳಲ್ಲಿ ಸಿಗುವ ವೇಗ. ಹಳೆಯ ಅಸೆಲಾ 241ರಲ್ಲಿ ಓಡುತ್ತಿತ್ತು. ಬಾಲ್ಟಿಮೋರಿನ 1873ರ ಸುರಂಗದ ತಿರುವು, ಹಳೆಯ ಸೇತುವೆಗಳು ಬದಲಾಗುವ ತನಕ ಪ್ರಯಾಣದ ಸಮಯ ಹೆಚ್ಚೇನೂ ಇಳಿಯದು. ಲಾಭ ಇರುವುದು ಸೀಟಿನಲ್ಲಿ. ಗಾಡಿಗೆ ಎಂಬತ್ತರಷ್ಟು ಸೀಟು ಹೆಚ್ಚು, ಗಾಡಿಗಳು 20ರ ಬದಲು 28.

ಕಾಯ್ದೆಕಟ್ಟು | 30 ಆಗಸ್ಟ್ 2025

ಖಾಸಗಿ ಚರ್ಚೆಗೆ ಒಂದು ಸೇರ್ಪಡೆ. ಫ್ಲೋರಿಡಾದ ಬ್ರೈಟ್‌ಲೈನ್ ಮಿಯಾಮಿ–ಒರ್ಲಾಂಡೊ ನಡುವೆ ಒಳ್ಳೆಯ ಗಾಡಿ ಓಡಿಸುತ್ತದೆ, ಆದರೆ ಈ ಜುಲೈನಲ್ಲಿ ತನ್ನ ಕೆಲವು ಬಾಂಡುಗಳ ಬಡ್ಡಿ ಪಾವತಿಯನ್ನು ಮುಂದೂಡಿತು. ಬ್ರಿಟನ್ ತನ್ನ ಖಾಸಗಿ ಸೇವೆಗಳನ್ನು ಮತ್ತೆ ಸರ್ಕಾರಕ್ಕೆ ತೆಗೆದುಕೊಳ್ಳುತ್ತಿದೆ, ಸೌತ್ ವೆಸ್ಟರ್ನ್ ರೈಲ್ವೆ ಮೇ 25ಕ್ಕೆ ಬಂತು. ಪ್ರಯಾಣಿಕ ರೈಲಿನಲ್ಲಿ ಹಳಿ-ಸುರಂಗದ ಖರ್ಚನ್ನು ಟಿಕೆಟ್ಟಿನಿಂದಲೇ ಎತ್ತುವುದು ಯಾರಿಗೂ ಸುಲಭವಲ್ಲ. 1997ರ ಕಾಯ್ದೆ ಆಮ್‌ಟ್ರಾಕ್ ಐದು ವರ್ಷದಲ್ಲಿ ಸ್ವಂತ ಕಾಲ ಮೇಲೆ ನಿಲ್ಲಬೇಕೆಂದಿತ್ತು. ಕೊನೆಗೆ 2001ರಲ್ಲಿ ಪೆನ್ ಸ್ಟೇಷನ್ನಿನ ಭಾಗವನ್ನು 30 ಕೋಟಿ ಡಾಲರಿಗೆ ಅಡವಿಟ್ಟರು. ಅಂಥ ಗುರಿ ಮತ್ತೆ ಹಾಕುವುದು ಬೇಡವೇ ಬೇಡ.

ಹಳಿಬಂಧು | 22 ನವೆಂಬರ್ 2025

2025ರ ಲೆಕ್ಕ ಬಂದಿದೆ: 3.45 ಕೋಟಿ ಪ್ರಯಾಣ, ಮತ್ತೊಂದು ದಾಖಲೆ. ನಿರ್ವಹಣಾ ನಷ್ಟವೂ 70.5 ಕೋಟಿ ಡಾಲರಿನಿಂದ 60 ಕೋಟಿಯ ಆಸುಪಾಸಿಗೆ ಇಳಿದಿದೆ. ಹಾಗಾದರೆ ಬದಲಾವಣೆ ಒಳ್ಳೆಯದೇ ಆಯಿತೇ?

ಕಾಯ್ದೆಕಟ್ಟು | 23 ನವೆಂಬರ್ 2025

ಆ ನಷ್ಟದ ಅಂಕಿಯಲ್ಲಿ ಸವಕಳಿ ಸೇರಿಲ್ಲ, ಗಾಡಿ-ಸುರಂಗದ ಬಂಡವಾಳವೂ ಸೇರಿಲ್ಲ. ದಿನದ ಖರ್ಚು ಹಿಡಿತಕ್ಕೆ ಬಂದಿದೆ ಎಂದಷ್ಟೇ ಅದರಿಂದ ತಿಳಿಯುತ್ತದೆ. ಅದು ಒಳ್ಳೆಯದೇ. ನಿಜವಾದ ದಿನಾಂಕ 2026ರ ಸೆಪ್ಟೆಂಬರ್ 30. 2021ರ ಮೂಲಸೌಕರ್ಯ ಕಾಯ್ದೆ ಆಮ್‌ಟ್ರಾಕ್‌ಗೆ ನೇರವಾಗಿ ಕೊಟ್ಟ 2,200 ಕೋಟಿ ಡಾಲರಿನ ಐದು ವರ್ಷದ ಕಂತು ಅಂದಿಗೆ ಮುಗಿಯುತ್ತದೆ. ಅದರಲ್ಲಿ 600 ಕೋಟಿ ಈಶಾನ್ಯ ಮಾರ್ಗಕ್ಕೆ, 1,600 ಕೋಟಿ ಉಳಿದ ದೇಶಕ್ಕೆ. ವರ್ಷದ ಮಾಮೂಲು ಅನುದಾನ ಸುಮಾರು 240 ಕೋಟಿ ಮಾತ್ರ. ಮುಂದಿನ ಕಾಯ್ದೆಗೆ ಸಂಸತ್ತಿನೆದುರು ನಿಂತು ಕೇಳುವ ಮುಖ್ಯಸ್ಥರು ಬೇಕಾಗಿರುವುದೇ ಈಗ. 1,207 ಕಿ.ಮೀ.ಗಿಂತ ಚಿಕ್ಕ ಮಾರ್ಗಗಳ ಖರ್ಚನ್ನು 2008ರ ಕಾಯ್ದೆಯಂತೆ ರಾಜ್ಯಗಳೇ ಹೊರುತ್ತವೆ, ಅವಕ್ಕೆ ಸ್ವಲ್ಪ ರಕ್ಷಣೆ ಇದೆ. ದೂರದ ಗಾಡಿಗಳಿಗೆ ಕೇಂದ್ರದ ದುಡ್ಡು ಬಿಟ್ಟರೆ ಗತಿಯಿಲ್ಲ.

ಮೆಟ್ರೋಪಾರ್ಕ್_ನಿತ್ಯಯಾತ್ರಿ | 23 ನವೆಂಬರ್ 2025

ಊರಿಂದ ಬರುವ ಅಪ್ಪ-ಅಮ್ಮಂದಿರನ್ನು ದೂರದ ಗಾಡಿಯಲ್ಲಿ ಕರೆದೊಯ್ಯುವವರಿಗೆ ಈಗ ಏನು ಸಲಹೆ?

ಶಿಕಾಗೊ_ಜಂಕ್ಷನ್ | 23 ನವೆಂಬರ್ 2025

ಶಿಕಾಗೊದಲ್ಲಿ ಗಾಡಿ ಬದಲಿಸುವುದಿದ್ದರೆ ಎರಡೂ ಗಾಡಿಯನ್ನು ಒಂದೇ ಬುಕಿಂಗಿನಲ್ಲಿ ಮಾಡಿ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಅವರ ಹೊಣೆ. ಬೇರೆಬೇರೆ ಟಿಕೆಟ್ ತೆಗೆದರೆ ಆ ಹೊಣೆ ಇರುವುದಿಲ್ಲ. ಇಳಿದ ದಿನವೇ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ. ಲಗೇಜ್ ಒಪ್ಪಿಸುವ ಸೌಲಭ್ಯ ಸಿಬ್ಬಂದಿ ಇರುವ ನಿಲ್ದಾಣದಲ್ಲಷ್ಟೇ. ಸಣ್ಣ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ತಗ್ಗು, ಬೋಗಿ ಎತ್ತರ, ಮೊಣಕಾಲು ನೋವಿದ್ದವರಿಗೆ ಸಹಾಯ ಬೇಕೆಂದು ಬುಕ್ ಮಾಡುವಾಗಲೇ ನಮೂದಿಸಿ. ಸೂಪರ್‌ಲೈನರಿನಲ್ಲಿ ಕೆಳ ಅಂತಸ್ತಿನ ಸೀಟು ಕೇಳಿ, ಮೆಟ್ಟಿಲು ಕಡಿದಾಗಿದೆ.

ಬೋಗಿಶೆಡ್ | 24 ನವೆಂಬರ್ 2025

ಮುಂದಿನ ವರ್ಷ ಕ್ಯಾಸ್ಕೇಡ್ಸ್‌ನಲ್ಲಿ ಶುರುವಾಗಬೇಕಿರುವ ಸೀಮೆನ್ಸ್ ಏರೊ ಗಾಡಿಗಳ ಕಡೆ ಕಣ್ಣಿಡಿ. ಸ್ಯಾಕ್ರಮೆಂಟೊದಲ್ಲಿ ತಯಾರಾಗುತ್ತಿವೆ, ಆರ್ಡರ್ 83 ಗಾಡಿ. ಪೂರ್ವದ ಆವೃತ್ತಿಯಲ್ಲಿ ಎಂಜಿನ್ನಿನ ಹಿಂದಿನ ಬೋಗಿಗೆ ಪ್ಯಾಂಟೋಗ್ರಾಫ್ ಇರುತ್ತದೆ, ತಂತಿ ಇರುವಲ್ಲಿ ವಿದ್ಯುತ್ತು, ಇಲ್ಲದಲ್ಲಿ ಡೀಸೆಲ್. ವಾಷಿಂಗ್ಟನ್ನಿನಲ್ಲಿ ವರ್ಜೀನಿಯಾ ಗಾಡಿಗಳ ಎಂಜಿನ್ ಬದಲಿಸಲು ನಿಲ್ಲಿಸುವ ಹೊತ್ತು ಅಷ್ಟರಮಟ್ಟಿಗೆ ಉಳಿಯುತ್ತದೆ. ಸಿಯಾಟಲ್ ಯಾರ್ಡಿನಲ್ಲಿ ಅವಕ್ಕಾಗಿ ಹೊಸ ಶೆಡ್ ಕಟ್ಟುತ್ತಿದ್ದಾರೆ. ಶೆಡ್ ತಡವಾದರೆ ಹೊಸ ಗಾಡಿಯ ನಿರ್ವಹಣೆ ಬಯಲಲ್ಲಿ ನಡೆಯಬೇಕಾಗುತ್ತದೆ, ಆಗ ಒಂದು ಸಣ್ಣ ಸೆನ್ಸರ್ ಬದಲಿಸಲೂ ಗಾಡಿ ದಿನಗಟ್ಟಲೆ ನಿಂತೀತು. ಬಿಡಿಭಾಗಗಳ ದಾಸ್ತಾನು ಒಪ್ಪಂದದಲ್ಲಿ ಎಷ್ಟು ಇದೆ ಎಂದು ತಿಳಿದವರು ಯಾರಾದರೂ ಇದ್ದರೆ ಇಲ್ಲಿ ಹಾಕಿ.